ಗಾಡಿಯ ಅಡಿಗೆ ಬಗ್ಗಿ ನೋಡಿದವರು

ಹೋದ ತಿಂಗಳು ಪಾವಗಡ ಕಡೆಯ ಬೊಲೆರೊ ಪಿಕಪ್ ಒಂದು ನಮ್ಮ ಪಿಟ್ ಮೇಲೆ ಬಂದು ನಿಂತಿತು. ಅಡಿಭಾಗ ಹೊಸ ಬಾಣಲಿಯ ಹಾಗೆ ಕರ್‍ರಗೆ ಮಿಂಚುತ್ತಿತ್ತು. "ನಮ್ ಕಡೆ ಮಳೆನೇ ಇಲ್ಲ ಕಣಣ್ಣ, ತುಕ್ಕು ಎಲ್ಲಿಂದ ಬತ್ತೈತೆ? ಆದ್ರೂ ತಗಳೋವಾಗ್ಲೇ ಕೋಟಿಂಗ್ ಹೊಡ್ಸಿದೀನಿ" ಅಂದರು ಮಾಲೀಕರು. ನಾನು ಸ್ಕ್ರೂಡ್ರೈವರಿನ ಹಿಡಿಯಿಂದ ಚಾಸಿಯನ್ನು ಕುಟ್ಟುತ್ತಾ ಹೋದೆ. ಮೂರು ಕಡೆ ಟಣ್ ಅಂದಿತು. ನಾಲ್ಕನೇ ಕಡೆ ಟಪ್ ಅಂದಿತು. ತುದಿಯಿಂದ ಮೀಟಿದ್ದೇ ತಡ, ಅಂಗೈ ಅಗಲದ ಕಪ್ಪು ಚಕ್ಕೆ ಕಳಚಿ ಕೈಗೆ ಬಂತು. ಚಕ್ಕೆಯ ಒಳಮೈಗೆ ಕಾವಿಮಣ್ಣಿನ ಬಣ್ಣದ ಪುಡಿ ಅಂಟಿತ್ತು, ಪುಡಿ ಇನ್ನೂ ಒದ್ದೆಯಾಗಿತ್ತು. ಹೊರಗೆ ಮಳೆ ಬಿದ್ದು ಇಪ್ಪತ್ತು ದಿನವಾಗಿತ್ತು.

ಮೂವತ್ತು ವರ್ಷ ಗಾಡಿಗಳ ಅಡಿಯಲ್ಲೇ ಕಳೆದ ನನಗೆ ಎರಡು ಮಾತು ಕೇಳಿ ಕೇಳಿ ಸಾಕಾಗಿದೆ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದಂಥ ಒಣ ಸೀಮೆಯಲ್ಲಿ ಕಬ್ಬಿಣಕ್ಕೆ ತುಕ್ಕಿಲ್ಲ, ಅದೇನಿದ್ದರೂ ಮಂಗಳೂರು, ಕಾರವಾರದವರ ಕಾಯಿಲೆ ಎನ್ನುವುದು ಒಂದು. ಅಷ್ಟು ಭಯವಿದ್ದರೆ ಒಂದು ಸಲ ಕಪ್ಪು ಕೋಟಿಂಗ್ ಹೊಡೆಸಿ ಮರೆತುಬಿಡಿ ಎನ್ನುವುದು ಇನ್ನೊಂದು. ಮೊದಲನೆಯದು ಅರ್ಧ ಸುಳ್ಳು. ಎರಡನೆಯದು ಪೂರ್ತಿ.

ಈ ಸೀಮೆಗೆ ಕಬ್ಬಿಣ ಹೊಸದಲ್ಲ. 1800ರಲ್ಲಿ ಈ ದಾರಿಯಲ್ಲಿ ಹಾದುಹೋದ ಫ್ರಾನ್ಸಿಸ್ ಬುಕಾನನ್, ಚನ್ನರಾಯನದುರ್ಗದ ಸುತ್ತ ಕರಿಮರಳು ಕರಗಿಸಿ ಕಬ್ಬಿಣ ತೆಗೆಯುವುದನ್ನೂ ಉಕ್ಕು ಮಾಡುವುದನ್ನೂ ಬರೆದಿಟ್ಟಿದ್ದಾನೆ. ಎತ್ತಿನ ಗಾಡಿಯ ಕಾಲದಲ್ಲಿ ಕಬ್ಬಿಣವಿದ್ದದ್ದು ಚಕ್ರದ ಪಟ್ಟಿಯಲ್ಲಿ, ಇರಸಿನಲ್ಲಿ, ಕಡಾಣಿಯಲ್ಲಿ. ಹರಳೆಣ್ಣೆಗೆ ಸುಟ್ಟ ಹುಲ್ಲಿನ ಮಸಿ ಕಲಸಿದ ಕೀಲೆಣ್ಣೆ ಗಾಡಿಯ ಕೆಳಗೆ ಬಿದಿರಿನ ಗೊಟ್ಟದಲ್ಲಿ ತೂಗಾಡುತ್ತಿತ್ತು. ಅದು ಸವೆತಕ್ಕೆ ಹಾಕುವ ಎಣ್ಣೆ, ತುಕ್ಕನ್ನೂ ತಡೆಯುತ್ತಿತ್ತು. ಕಬ್ಬಿಣಕ್ಕೂ ಎಣ್ಣೆಗೂ ಇರುವ ನಂಟು ಪಾವಗಡದವರಿಗೆ ಹೇಳಿಕೊಡಬೇಕಾದ್ದಲ್ಲ, ಊರಲ್ಲೇ ಶನಿಮಹಾತ್ಮನ ಗುಡಿಯಿದೆ. ತುಕ್ಕಿನ ಮಾತು ಬಂದಾಗಲೆಲ್ಲ ದೆಹಲಿಯ ಕಂಬ, ಕೊಡಚಾದ್ರಿಯ ಕಂಬ ಎಂದು ಹೆಮ್ಮೆಪಡುವವರೂ ಇದ್ದಾರೆ. ದೆಹಲಿ ಕಂಬವನ್ನು ಕಾದಿರುವುದು ಆ ಕಬ್ಬಿಣದಲ್ಲಿರುವ ರಂಜಕ. ಕಾರಿನ ತಗಡಿನಲ್ಲಿ ಅಷ್ಟು ರಂಜಕ ಇರುವುದಿಲ್ಲ, ಹಾಗಾಗಿ ಆ ಹೆಮ್ಮೆಯಿಂದ ನಮಗೆ ಉಪಯೋಗವಿಲ್ಲ.

1948ರ ಸೆಪ್ಟೆಂಬರ್ 12ರಂದು 120 ಬಸ್ಸುಗಳೊಂದಿಗೆ ಮೈಸೂರು ಸರ್ಕಾರದ ಸಾರಿಗೆ ಇಲಾಖೆ ಶುರುವಾಯಿತು. ಅಲ್ಲಿಂದ ಎಂಬತ್ತರ ದಶಕದವರೆಗೆ ಬಸ್ಸು, ಲಾರಿ, ಜೀಪುಗಳದ್ದು ಒಂದೇ ಶಾಸ್ತ್ರ: ವಾಟರ್ ಸರ್ವೀಸ್, ಗ್ರೀಸಿಂಗ್, ಕೊನೆಗೆ ಸುಟ್ಟ ಎಂಜಿನ್ ಆಯಿಲಿಗೆ ಡೀಸೆಲ್ ಬೆರೆಸಿ ಅಡಿಯಲ್ಲೆಲ್ಲ ಸ್ಪ್ರೇ. ವರ್ಷಕ್ಕೊಮ್ಮೆ ಎಫ್‌ಸಿಗೆ ಮುಂಚೆ ಚಾಸಿಗೆ ರೆಡ್ ಆಕ್ಸೈಡ್, ಅದರ ಮೇಲೆ ಕಪ್ಪು. ತುಕ್ಕನ್ನು ಹೆರೆಯದೆ ಅದರ ಮೇಲೇ ಬಳಿಯುವ ಚಾಳಿ ಆಗಲೇ ಬಂದದ್ದು. ಸುಟ್ಟ ಆಯಿಲನ್ನು ಬೈಯುವುದು ಈಗ ಸುಲಭ. ಅದು ರಬ್ಬರ್ ಬುಷ್‌ಗಳನ್ನು ಊದಿಸಿ ಕೆಡಿಸುತ್ತಿತ್ತು, ನೆಲಕ್ಕೆ ತೊಟ್ಟಿಕ್ಕಿ ಮಣ್ಣನ್ನೂ ಹಾಳು ಮಾಡುತ್ತಿತ್ತು, ಎಲ್ಲ ನಿಜ. ಆದರೆ ಅದು ಸಂದಿಗೆ ಇಳಿಯುತ್ತಿತ್ತು. ಎರಡು ತಗಡು ಕೂಡುವ ಜಾಗಕ್ಕೆ ತಾನಾಗಿ ಹರಿದು ಹೋಗುತ್ತಿತ್ತು. ಆಮೇಲೆ ಬಂದ ಕಪ್ಪು ಕೋಟಿಂಗಿಗೆ ಆ ಗುಣ ಇರಲಿಲ್ಲ.

ಅದೇ ಹೊತ್ತಿಗೆ ಹೊರಗಿನ ದೇಶಗಳಲ್ಲಿ ಬೇರೆ ಕಥೆ ನಡೆದಿತ್ತು. ಎರಡನೇ ಮಹಾಯುದ್ಧದ ನಂತರ ಅಮೆರಿಕದಲ್ಲಿ ಚಳಿಗಾಲದ ರಸ್ತೆಗಳಿಗೆ ಹಿಮ ಕರಗಲೆಂದು ಉಪ್ಪು ಸುರಿಯುವುದು ಹೆಚ್ಚಾಯಿತು, ಕಾರುಗಳ ಅಡಿ ಕೊಳೆಯತೊಡಗಿತು. 1959ರಲ್ಲಿ ಡೆಟ್ರಾಯಿಟ್‌ನಲ್ಲಿ ಕುರ್ಟ್ ಜೀಬಾರ್ಟ್ ಎಂಬ ಮೆಕ್ಯಾನಿಕ್ ತುಕ್ಕು ತಡೆಯುವುದನ್ನೇ ಕಸುಬು ಮಾಡಿಕೊಂಡ. ಸ್ವೀಡನ್ನಿನವರು ವ್ಯಾಕ್ಸಿನ ದಾರಿ ಹಿಡಿದರು. ಕಾರ್ಖಾನೆಗಳಲ್ಲಿ ಇಡೀ ಬಾಡಿಯನ್ನು ಬಣ್ಣದ ತೊಟ್ಟಿಯಲ್ಲಿ ಮುಳುಗಿಸಿ ಕರೆಂಟ್ ಹರಿಸಿ ಲೇಪ ಕೂರಿಸುವ ವಿಧಾನ ಅರವತ್ತರ ದಶಕದಲ್ಲಿ ಬಂತು, ಎಪ್ಪತ್ತರ ದಶಕದಲ್ಲಿ ಸುಧಾರಿಸಿತು. ಇವತ್ತಿನ ಕಾರುಗಳು ಹತ್ತು ವರ್ಷವಾದರೂ ಗಟ್ಟಿಯಾಗಿರುವುದಕ್ಕೆ ಮುಖ್ಯ ಕಾರಣ ಆ ತೊಟ್ಟಿ. ಶೋರೂಮಿನಲ್ಲಿ ಹೊಡೆಯುವ ಕಪ್ಪಿಗೆ ಆ ಕೀರ್ತಿ ಸಲ್ಲುವುದಿಲ್ಲ.

ನಾನು ಕೆಲಸ ಕಲಿತದ್ದು ಶಿರಾದಲ್ಲಿ, ಈಗ 48 ಅನ್ನುವ, ಆಗ ನಾಲ್ಕನೇ ನಂಬರ್ ಹೆದ್ದಾರಿ ಅನ್ನುತ್ತಿದ್ದ ರಸ್ತೆಯ ಪಕ್ಕದ ಟಿಂಕರಿಂಗ್ ಶಾಪಿನಲ್ಲಿ. 1983ರ ಡಿಸೆಂಬರಿನಲ್ಲಿ ಬಂದ ಮಾರುತಿ 800ರ ಮೊದಮೊದಲ ಗಾಡಿಗಳು ಹತ್ತು ಹನ್ನೆರಡು ವರ್ಷ ಓಡಿ ಮುದಿಯಾಗಿ ನಮ್ಮ ಕೈಗೆ ಸಿಕ್ಕಿದ್ದು ಆಗಲೇ. ಜೀಪಿಗೆ, ಲಾರಿಗೆ ಚಾಸಿ ಬೇರೆ, ಬಾಡಿ ಬೇರೆ. ಮಾರುತಿಯಲ್ಲಿ ಫ್ಲೋರೇ ಚಾಸಿ. ತೆಳು ತಗಡನ್ನು ಮಡಚಿ, ಪೆಟ್ಟಿಗೆಯಂತೆ ಮುಚ್ಚಿ, ಚುಕ್ಕೆ ವೆಲ್ಡಿಂಗ್ ಮಾಡಿರುತ್ತಾರೆ. ಬಾಗಿಲ ಕೆಳಗಿನ ಪೆಟ್ಟಿಗೆ ಹೊರಗಿಂದ ನೋಡಿದರೆ ಮದುವೆ ಹೆಣ್ಣಿನ ಹಾಗೆ ಇರುತ್ತಿತ್ತು, ಜ್ಯಾಕ್ ಕೊಟ್ಟರೆ ಹಪ್ಪಳದಂತೆ ಮುರಿದು ಒಳಗೆ ಹೋಗುತ್ತಿತ್ತು. ನಮ್ಮ ಮೇಸ್ತ್ರಿ ಗ್ಯಾಸ್ ವೆಲ್ಡಿಂಗ್‌ನಲ್ಲಿ ಪ್ಯಾಚ್ ಹಾಕಿ ಮೇಲೆ ಪುಟ್ಟಿ ತುಂಬುತ್ತಿದ್ದರು. ಒಳಗಿನಿಂದ ತಿಂದ ತಗಡಿಗೆ ಹೊರಗಿನಿಂದ ಪ್ಯಾಚು. ವರ್ಷ ತುಂಬುವುದರೊಳಗೆ ಅದೇ ಗಾಡಿ ಮತ್ತೆ ಬರುತ್ತಿತ್ತು.

ಮುಚ್ಚಿದ ಪೆಟ್ಟಿಗೆಯೊಳಕ್ಕೆ ಬ್ರಷ್ ಹೋಗುವುದಿಲ್ಲ, ಗನ್ನಿನ ಕಪ್ಪೂ ಹೋಗುವುದಿಲ್ಲ. ಈ ಸಮಸ್ಯೆಗೆ ಉತ್ತರ ಇರಬಹುದೆಂದು ನನಗೆ ಮೊದಲು ತೋಚಿದ್ದು ಮಂಗಳೂರಿನಲ್ಲಿ, ಮೀನಿನ ಲಾರಿಗಳ ನಡುವೆ. ಅಲ್ಲಿ ಒಬ್ಬರು ಉದ್ದನೆಯ ತೆಳು ಕೊಳವೆಯನ್ನು ಚಾಸಿಯ ತೂತಿನೊಳಗೆ ತೂರಿಸಿ, ಗಾಳಿಯ ಒತ್ತಡದಲ್ಲಿ ವ್ಯಾಕ್ಸ್ ಹಾಯಿಸುತ್ತಿದ್ದರು. ಕೊಳವೆಯ ತುದಿಯಿಂದ ಮಂಜಿನ ಹಾಗೆ ಸುತ್ತಲೂ ಚಿಮ್ಮುತ್ತಿತ್ತು. ಅಂದಿನಿಂದ ನಾನು ಮೇಣದ ಪಂಥದವನು, ಮುಚ್ಚಿಡುವುದಿಲ್ಲ.

ವ್ಯಾಕ್ಸ್ ಅಂದರೆ ಮೇಣದಬತ್ತಿ ಕರಗಿಸಿದ್ದಲ್ಲ. ಮೇಣ, ತುಕ್ಕು ತಡೆಯುವ ರಾಸಾಯನಿಕ, ಎರಡನ್ನೂ ತೆಳುವಾಗಿಸುವ ದ್ರಾವಕ, ಇಷ್ಟು ಸೇರಿದ್ದು. ಹೊಡೆದಾಗ ನೀರಿನಷ್ಟೇ ತೆಳು. ಹಾಗಾಗಿ ಸಂದಿಯೊಳಗಿನ ತೇವವನ್ನು ತಳ್ಳಿಕೊಂಡು ಒಳಗೆ ಇಳಿಯುತ್ತದೆ. ದ್ರಾವಕ ಆರಿದ ಮೇಲೆ ಮೆತ್ತನೆಯ ಪೊರೆ ಉಳಿಯುತ್ತದೆ. ಎಲ್ಲ ಗುಟ್ಟೂ ಆ ಮೆತ್ತಗಿರುವುದರಲ್ಲಿದೆ. ಜಲ್ಲಿಕಲ್ಲು ಬಡಿದರೆ ಡಾಂಬರಿನ, ರಬ್ಬರಿನ ಗಟ್ಟಿ ಲೇಪ ಬಿಸಿಲಿಗೆ ಒಣಗಿ ಬಿರುಕು ಬಿಟ್ಟಿರುವ ಜಾಗದಲ್ಲಿ ಒಡೆಯುತ್ತದೆ, ನೀರು ಒಳಗೆ ಸೇರಿ ಹೊರಗೆ ಬರಲು ದಾರಿ ಕಾಣದೆ ಕೂರುತ್ತದೆ. ವ್ಯಾಕ್ಸಿಗೆ ಬಡಿದರೆ ಕುಳಿ ಬೀಳುತ್ತದೆ, ಅಕ್ಕಪಕ್ಕದ ಜಿಡ್ಡು ನಿಧಾನಕ್ಕೆ ಅಲ್ಲಿಗೆ ಸರಿಯುತ್ತದೆ.

ಕೆಲಸದ ಮುಕ್ಕಾಲು ಪಾಲು ವ್ಯಾಕ್ಸ್ ಹೊಡೆಯುವುದಕ್ಕೆ ಮುಂಚಿನದು. ಒತ್ತಡದ ನೀರಿನಲ್ಲಿ ಅಡಿ ತೊಳೆದು, ಇಡೀ ದಿನ ಒಣಗಿಸಬೇಕು. ಈ ವಿಷಯದಲ್ಲಿ ನಮ್ಮ ಬಿಸಿಲಿನಷ್ಟು ಉಪಕಾರಿ ಇನ್ನಾವುದೂ ಇಲ್ಲ, ಯುಗಾದಿ ಕಳೆದು ಮಳೆಗಾಲ ಹಿಡಿಯುವುದರೊಳಗೆ ಮಾಡಿಸಿದರೆ ಒಳ್ಳೆಯದು. ಎದ್ದ ತುಕ್ಕನ್ನು ವೈರ್ ಬ್ರಷ್‌ನಿಂದ ಉಜ್ಜಿ ಉದುರಿಸಬೇಕು. ಸೈಲೆನ್ಸರಿಗೂ ಬ್ರೇಕ್ ಡಿಸ್ಕಿಗೂ ಪ್ಲಾಸ್ಟಿಕ್ ಸುತ್ತಬೇಕು. ರಬ್ಬರ್ ಬೂಚುಗಳನ್ನು ಕಿತ್ತು ಪೆಟ್ಟಿಗೆಗಳೊಳಗೆ ತೆಳು ವ್ಯಾಕ್ಸ್, ಅದು ಕೆಳಗಿನ ತೂತುಗಳಿಂದ ತೊಟ್ಟಿಕ್ಕುವವರೆಗೆ. ಆಮೇಲೆ ಚಕ್ರದ ಮೇಲಿನ ಮಡ್‌ಗಾರ್ಡ್ ಒಳಮೈಗೆ, ಫ್ಲೋರಿನ ಅಡಿಗೆ ದಪ್ಪನೆಯದು. ಕೊನೆಗೆ ಒಂದು ಸೈಕಲ್ ಕಡ್ಡಿ ಹಿಡಿದು ನೀರು ಹೋಗುವ ತೂತುಗಳನ್ನೆಲ್ಲ ಚುಚ್ಚಿ ಬಿಡಿಸಬೇಕು. ಈ ಕಡ್ಡಿಯ ಕೆಲಸ ಮರೆಯುವವನು ಎಷ್ಟು ಒಳ್ಳೆಯ ವ್ಯಾಕ್ಸ್ ಹೊಡೆದರೂ ದಂಡ.

ತಪ್ಪು ನಾನೂ ಮಾಡಿದ್ದೇನೆ. ಮೊದಲ ವರ್ಷ ತಣ್ಣನೆಯ ದೇಶಕ್ಕೆಂದು ಮಾಡಿದ ಮಾಲನ್ನೇ ಎಲ್ಲ ಕಡೆಗೂ ಹೊಡೆದೆ. ಏಪ್ರಿಲ್ ಬಂತು, ಶಿರಾದ ಮೇಷ್ಟ್ರೊಬ್ಬರ ಕಾರು ಅಂಗಳದ ಚಪ್ಪಡಿ ಮೇಲೆಲ್ಲ ಜಿಡ್ಡು ಸುರಿಸಿತು. ಹೋಗಿ ಚಪ್ಪಡಿ ತೊಳೆದುಕೊಟ್ಟು ಬಂದೆ. ಹೆಚ್ಚು ಕಾವಿಗೆ ಕರಗುವ ಮಾಲು ಬೇರೆಯೇ ಇದೆ ಎಂದು ಕಲಿತದ್ದು ಹಾಗೆ. ಪಾವಗಡದ ಧೂಳು ವ್ಯಾಕ್ಸಿಗೆ ಅಂಟುತ್ತದೆ ಎಂಬ ದೂರೂ ನಿಜವೇ. ನೋಡಲು ಅಸಹ್ಯ, ಅದನ್ನು ಒಪ್ಪುತ್ತೇನೆ. ಮತ್ತೆ ಇದು ಒಂದೇ ಸಲದ ಕೆಲಸವೂ ಅಲ್ಲ. ಒಂದೆರಡು ವರ್ಷಕ್ಕೊಮ್ಮೆ ಬಗ್ಗಿ ನೋಡಿ, ಸವೆದ ಕಡೆ ಮತ್ತೆ ಹೊಡೆಯಬೇಕು.

ಮಳೆಯಿಲ್ಲದ ಸೀಮೆಗೆ ಇದೆಲ್ಲ ಯಾಕೆ ಎಂಬ ಪ್ರಶ್ನೆಗೆ ಬರೋಣ. ಗಾಳಿಯ ತೇವ ಶೇಕಡ 60ರ ಆಸುಪಾಸು ಮುಟ್ಟುವವರೆಗೆ ಶುಭ್ರವಾದ ಕಬ್ಬಿಣ ಹೆಚ್ಚು ತುಕ್ಕು ಹಿಡಿಯುವುದಿಲ್ಲ. ಒಣ ಸೀಮೆಯವರ ಧೈರ್ಯಕ್ಕೆ ಇದೇ ಆಧಾರ, ಅರ್ಧ ನಿಜ ಅಂದದ್ದೂ ಇದಕ್ಕೇ. ಆದರೆ ಇಲ್ಲಿ ಯಾರ ಗಾಡಿಯ ಅಡಿ ಶುಭ್ರವಾಗಿದೆ? ಟ್ರ್ಯಾಕ್ಟರ್ ಟ್ರೈಲರಿನಲ್ಲಿ ಪೊಟ್ಯಾಷ್ ಬರುತ್ತದೆ. ಸಮುದ್ರದ ಉಪ್ಪಿನಲ್ಲಿರುವ ಕ್ಲೋರೈಡೇ ಅದರಲ್ಲೂ ಇದೆ. ಹರಿದ ಚೀಲದಿಂದ ಚೆಲ್ಲಿದ ಪುಡಿ ಹಲಗೆಯ ಸಂದಿಯಲ್ಲಿ ಇಳಿದು, ಮಾಗಿಯ ಬೆಳಗಿನ ಇಬ್ಬನಿಯನ್ನು ಹೀರಿಕೊಂಡು ಜಿನುಗುತ್ತದೆ. ಕೋಳಿಗೊಬ್ಬರ ಬರುತ್ತದೆ. ಜಯಮಂಗಲಿ ನದಿಯ ಒದ್ದೆ ಮರಳು ದಾರಿಯುದ್ದಕ್ಕೂ ನೀರು ಸೋರಿಸಿಕೊಂಡು ಹೋಗುತ್ತದೆ. ಹುಣಸೆ ಹಣ್ಣಿನ ಸುಗ್ಗಿಯಲ್ಲಿ ತುಮಕೂರಿನ ಮಾರುಕಟ್ಟೆಗೆ ಹೋಗುವ ಲಾರಿಗಳ ತಳ ನೋಡಿ, ಹಿತ್ತಾಳೆ ಚೊಂಬು ಬೆಳಗುವ ಹುಳಿಯೇ ಅಲ್ಲಿ ತಗಡಿನ ಬಣ್ಣವನ್ನು ಬೆಳಗಿರುತ್ತದೆ. ಹೊನ್ನಾವರದಿಂದ ಶಿವಮೊಗ್ಗ, ಹುಳಿಯಾರು ಹಾದು ಶಿರಾ, ಮಧುಗಿರಿಗೆ ಬರುವ 69ನೇ ಹೆದ್ದಾರಿಯಲ್ಲಿ ಕರಾವಳಿಯ ಉಪ್ಪೂ ಬರುತ್ತದೆ. ಇನ್ನು ಕೊಳವೆಬಾವಿಯ ನೀರು. ಪಾವಗಡದ ನೀರಿನಲ್ಲಿ ಫ್ಲೋರೈಡ್ ಇದೆ ಎಂದು ಊರಿನವರ ಹಲ್ಲೇ ಹೇಳುತ್ತದೆ, ಅದರ ಜೊತೆ ಬೇರೆ ಲವಣಗಳೂ ಇವೆ. ಕಾರು ತೊಳೆದು ಒಣಗಿದ ಮೇಲೆ ಗಾಜಿನ ಮೇಲೆ ನಿಲ್ಲುವ ಬಿಳಿ ಚುಕ್ಕೆಗಳು ಅವೇ. ಗಾಜನ್ನು ಒರೆಸುತ್ತೀರಿ, ಅಡಿಯನ್ನು ಯಾರು ಒರೆಸುತ್ತಾರೆ? 2022ರ ಮಳೆಗಾಲದಲ್ಲಿ ಜಯಮಂಗಲಿ ಉಕ್ಕಿ ಹರಿದಾಗ ಕೆಸರಲ್ಲಿ ನಿಂತ ಗಾಡಿಗಳ ಪೆಟ್ಟಿಗೆಗಳಲ್ಲಿ ಆ ಕೆಸರು ಇನ್ನೂ ಹಾಗೇ ಇದೆ, ನಾನೇ ಕೆರೆದು ತೆಗೆದಿದ್ದೇನೆ.

ಕಾರೈಕುಡಿಯ ಕೇಂದ್ರೀಯ ವಿದ್ಯುತ್ ರಸಾಯನ ಸಂಶೋಧನಾ ಸಂಸ್ಥೆ ಇಡೀ ದೇಶದ ತುಕ್ಕಿನ ನಕ್ಷೆ ತಯಾರಿಸಿದೆ. ದೊಡ್ಡ ಕೆಲಸ. ಆದರೆ ಅದು ಊರೂರಿನ ಹವೆ ಲೋಹವನ್ನು ಎಷ್ಟು ತಿನ್ನುತ್ತದೆ ಎಂಬ ಲೆಕ್ಕ. ನಮ್ಮಲ್ಲಿ ತಿನ್ನುವುದು ಹವೆಗಿಂತ ಹೆಚ್ಚಾಗಿ ಹೊರೆ. ಕೋಟಿಂಗ್ ಮಾರುವವರು ಸಾವಿರ ಗಂಟೆ ಉಪ್ಪುನೀರಿನ ಪರೀಕ್ಷೆ ಪಾಸಾಗಿದೆ ಎಂದು ಕಾಗದ ತೋರಿಸುತ್ತಾರೆ. ಆ ಪರೀಕ್ಷೆಯ ಮೂಲ ಅಮೆರಿಕದ 1939ರ ಮಾನದಂಡ. ಶೇಕಡ 5ರ ಉಪ್ಪುನೀರನ್ನು 35 ಡಿಗ್ರಿ ಶಾಖದ ಪೆಟ್ಟಿಗೆಯಲ್ಲಿ ಎಡೆಬಿಡದೆ ಚಿಮುಕಿಸುವುದು. ಹಗಲು ಕೆಂಡದಂಥ ಬಿಸಿಲು, ಬೆಳಗಿನ ಜಾವ ಇಬ್ಬನಿ, ನಡುವೆ ಜಲ್ಲಿಯ ಏಟು, ಇದು ಆ ಪೆಟ್ಟಿಗೆಯಲ್ಲಿ ಎಲ್ಲಿದೆ?

ಈಗಿನ ಶೋಕಿ ಮೇಲ್ಮೈಯದು. ಸೆರಾಮಿಕ್ ಕೋಟಿಂಗ್, ಪಾರದರ್ಶಕ ಫಿಲ್ಮ್, ಬಾನೆಟ್ಟಿನಲ್ಲಿ ಮುಖ ನೋಡಿಕೊಳ್ಳಬಹುದು. ಮಧುಗಿರಿಯಂಥ ಊರಿಗೂ ಬಂದಿದೆ. ಮಾಡಿಸಲಿ, ನನ್ನ ತಕರಾರಿಲ್ಲ. ಪಾವಗಡದ ತಿರುಮಣಿಯ ಸುತ್ತ 13,000 ಎಕರೆಯಲ್ಲಿ 2,050 ಮೆಗಾವಾಟಿನ ಸೋಲಾರ್ ಪಾರ್ಕ್ ಇದೆ, ಆ ಕಡೆ ಹೋದವರು ಪ್ಯಾನೆಲ್‌ಗಳ ಬದಲು ಅವುಗಳ ಕಾಲುಗಳನ್ನು ಒಮ್ಮೆ ನೋಡಲಿ. ಕಬ್ಬಿಣಕ್ಕೆ ಸತುವಿನ ಲೇಪ. ಅದೇ ಒಣ ನೆಲ, ಅದೇ ಬಿಸಿಲು. ಕಟ್ಟಿದ ಎಂಜಿನಿಯರುಗಳು ಇಲ್ಲಿ ಮಳೆಯಿಲ್ಲ ಎಂದು ಕಬ್ಬಿಣವನ್ನು ಬರಿಮೈಯಲ್ಲಿ ಬಿಡಲಿಲ್ಲ.

ಯಾರೂ ಕೈಹಾಕದೆ ಉಳಿದದ್ದು ಟ್ರೈಲರ್. ನಾಲ್ಕು ತಾಲ್ಲೂಕಿನಲ್ಲಿ ಅತಿ ಹೆಚ್ಚು ಗೊಬ್ಬರ ಹೊರುವ ಗಾಡಿ ಅದೇ, ಅತಿ ಕಡಿಮೆ ಆರೈಕೆಯೂ ಅದಕ್ಕೇ. ಕಾರಿಗಿರುವ ತೊಟ್ಟಿಯ ಲೇಪ ಊರ ವೆಲ್ಡಿಂಗ್ ಶಾಪಿನಲ್ಲಿ ಕಟ್ಟಿದ ಟ್ರೈಲರಿಗಿಲ್ಲ, ಒಂದು ಕೋಟು ರೆಡ್ ಆಕ್ಸೈಡ್ ಅಷ್ಟೇ. ಟ್ರ್ಯಾಕ್ಟರಿಗೆ ಆಯುಧಪೂಜೆಯಲ್ಲಿ ಹಾರ ಬೀಳುತ್ತದೆ, ಟ್ರೈಲರಿಗೆ ಅರಿಶಿನ ಕುಂಕುಮ ಮಾತ್ರ. ಟಿಂಕರಿಂಗ್ ಹುಡುಗರಿಗೆ ತುಕ್ಕು ಬಂದ ಮೇಲೆ ಕತ್ತರಿಸುವುದು ಗೊತ್ತು, ಬರುವ ಮುಂಚೆ ನೋಡುವುದನ್ನು ಕಲಿಸುವವರಿಲ್ಲ. ಕಲಿಸಬೇಕೆಂದರೆ ಬೇಕಾದ್ದು ಒಂದು ಕಂಪ್ರೆಸರ್, ಒಂದು ಕೊಳವೆ, ಒಂದು ಸೈಕಲ್ ಕಡ್ಡಿ.

ಆ ಬೊಲೆರೊ ಇನ್ನೂ ನಮ್ಮಲ್ಲೇ ಇದೆ, ನಾಳೆ ಹೋಗುತ್ತದೆ. ಕಪ್ಪನ್ನು ಹೆರೆದು ತೆಗೆಯುವುದಕ್ಕೆ ಇಬ್ಬರು ಹುಡುಗರಿಗೆ ಮೂರು ದಿನ ಹಿಡಿಯಿತು, ಚಾಸಿಯಲ್ಲಿ ಎರಡು ಕಡೆ ಪ್ಲೇಟ್ ಹಾಕಬೇಕಾಯಿತು. ವ್ಯಾಕ್ಸ್ ಹೊಡೆಯುವುದು ಒಂದು ಮಧ್ಯಾಹ್ನದಲ್ಲಿ ಮುಗಿಯಿತು.