ರೈನೋ ಕ್ಯಾಂಪಿನ ಮಹಿಳಾ ಗುಂಪುಗಳು: ಮನಸ್ಸಿನ ಆರೈಕೆ ಮತ್ತು ಮುಂದಾಳ್ತನ

ದಕ್ಷಿಣ ಸುಡಾನಿನಲ್ಲಿ 2013ರ ಡಿಸೆಂಬರಿನಲ್ಲಿ ಶುರುವಾದ ಅಂತರ್ಯುದ್ಧ 2016ರ ಜುಲೈನಲ್ಲಿ ಮತ್ತೆ ಭುಗಿಲೆದ್ದಾಗ ಲಕ್ಷಾಂತರ ಜನ ಗಡಿ ದಾಟಿ ಉಗಾಂಡಾ ಸೇರಿದರು. ಅವರಲ್ಲಿ ಬಹುಪಾಲು ಹೆಂಗಸರು, ಮಕ್ಕಳು. ಉಗಾಂಡಾದ 2006ರ ಕಾಯ್ದೆಯಂತೆ ನಿರಾಶ್ರಿತರಿಗೆ ದುಡಿಯುವ, ಓಡಾಡುವ ಹಕ್ಕಿದೆ. ವಸಾಹತುಗಳಲ್ಲಿ ತುಂಡು ನೆಲವೂ ಸಿಗುತ್ತದೆ. ಮನೋವೈದ್ಯರು ಸಿಗುವುದು ಮಾತ್ರ ಅಪರೂಪ.

ಇಂಥ ಕಡೆಗೆಂದೇ ವಿಶ್ವ ಆರೋಗ್ಯ ಸಂಸ್ಥೆ ರೂಪಿಸಿದ ‘ಸೆಲ್ಫ್ ಹೆಲ್ಪ್ ಪ್ಲಸ್’ ಕ್ರಮವನ್ನು ವಾಯವ್ಯ ಉಗಾಂಡಾದ ರೈನೋ ಕ್ಯಾಂಪ್ ವಸಾಹತಿನಲ್ಲಿ ಪರೀಕ್ಷಿಸಲಾಯಿತು. ಇಪ್ಪತ್ತು, ಮೂವತ್ತು ಹೆಂಗಸರು ಒಟ್ಟಿಗೆ ಕೂರುತ್ತಾರೆ. ಎರಡೆರಡು ಗಂಟೆಯ ಐದು ಬೈಠಕ್‌ಗಳು. ಪಾಠವೆಲ್ಲ ಜೂಬಾ ಅರಬ್ಬಿಯಲ್ಲಿ ಧ್ವನಿಮುದ್ರಿತ. ಕೈಯಲ್ಲಿ ಚಿತ್ರಪುಸ್ತಕ, ಓದು ಬಾರದವರಿಗೂ ದಕ್ಕುವಂಥದ್ದು. ನೋವಿನ ಯೋಚನೆಯನ್ನು ಓಡಿಸಲು ಹೆಣಗದೆ ಅದನ್ನು ಗುರುತಿಸುವುದು, ಪಾದವನ್ನು ನೆಲಕ್ಕೊತ್ತಿ ಉಸಿರನ್ನು ಗಮನಿಸುವುದು, ತನಗೆ ಮುಖ್ಯವೆನಿಸಿದ ಒಂದು ಸಣ್ಣ ಕೆಲಸಕ್ಕೆ ಕೈಹಾಕುವುದು ಅಲ್ಲಿನ ಅಭ್ಯಾಸಗಳು. ನಡೆಸಿಕೊಡುವವರು ಮನೋವಿಜ್ಞಾನ ಓದಿದವರಲ್ಲ. ಕೆಲವೇ ದಿನ ತರಬೇತಿ ಪಡೆದ ಸಾಮಾನ್ಯ ಹೆಂಗಸರು.

14 ಹಳ್ಳಿಗಳ 694 ಮಹಿಳೆಯರ ಈ ಅಧ್ಯಯನ 2020ರಲ್ಲಿ ‘ಲ್ಯಾನ್ಸೆಟ್ ಗ್ಲೋಬಲ್ ಹೆಲ್ತ್’ನಲ್ಲಿ ಪ್ರಕಟವಾಯಿತು. ಅರ್ಧದಷ್ಟು ಹಳ್ಳಿಗಳಲ್ಲಿ ಗುಂಪು ನಡೆಯಿತು; ಉಳಿದೆಡೆ ಕಾರ್ಯಕರ್ತರು ಮನೆಗೆ ಹೋಗಿ ಅರ್ಧ ಗಂಟೆ ತಿಳಿವಳಿಕೆ ಹೇಳಿದರು. ಮೂರು ತಿಂಗಳ ಬಳಿಕ, 24 ಅಂಕಗಳ ಮಾಪನದಲ್ಲಿ ಗುಂಪಿನಲ್ಲಿದ್ದವರ ಸಂಕಟ ಉಳಿದವರದಕ್ಕಿಂತ ಸುಮಾರು 1.2 ಅಂಕದಷ್ಟು ಹೆಚ್ಚು ಇಳಿದಿತ್ತು. ಬೈಠಕ್‌ಗಳು ಮುಗಿದ ಹೊಸದರಲ್ಲಿ ಈ ಅಂತರ ಇನ್ನೂ ದೊಡ್ಡದಿತ್ತು. ಅಂದರೆ ಫಲ ನಿಜ, ಆದರೆ ಬೇಗ ಸವೆಯುತ್ತದೆ. ವೈದ್ಯರಿಲ್ಲದೆ ಇಷ್ಟು ಜನರನ್ನು ಮುಟ್ಟುವ ಕ್ರಮಕ್ಕೆ ಇದು ಕಡಿಮೆ ಸಾಧನೆಯಲ್ಲ. ಇದನ್ನೇ ಪೂರ್ಣ ಚಿಕಿತ್ಸೆಯೆಂದು ಮಾರುವುದನ್ನು ಮಾತ್ರ ನಾನು ಒಪ್ಪಲಾರೆ.

ಮನೋವೈದ್ಯರಲ್ಲದವರ ಕೈಗೆ ಮನಸ್ಸಿನ ಆರೈಕೆ ಕೊಡುವ ವಿಚಾರ ನಮಗೆ ಹೊಸತಲ್ಲ. ಬೆಂಗಳೂರಿನ ಮಾನಸಿಕ ಆರೋಗ್ಯ ಸಂಸ್ಥೆ ನಿಮ್ಹಾನ್ಸ್ 1980ರ ದಶಕದಲ್ಲೇ ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೂ ಕಾರ್ಯಕರ್ತರಿಗೂ ಈ ಕೆಲಸ ಕಲಿಸಿತ್ತು. 1996ರ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿ. ಆದರೆ ಅವರು ಸಂಬಳದ ನೌಕರರು. ರೈನೋ ಕ್ಯಾಂಪಿನಂಥ ಯೋಜನೆಯಲ್ಲಿ ಗುಂಪು ನಡೆಸುವವಳ ಕೆಲಸ ಯೋಜನೆಯೊಂದಿಗೇ ಮುಗಿಯಬಹುದು.

ನನ್ನ ತಕರಾರು ಇಲ್ಲಿದೆ. ಖಿನ್ನತೆ, ಸಿಟ್ಟು, ದಿನನಿತ್ಯದ ಕೆಲಸಕಾರ್ಯ ಎಲ್ಲವೂ ಆ ಅಧ್ಯಯನದ ಅಳತೆಗೆ ಬಂದವು, ಮುಂದಾಳ್ತನ ಬರಲಿಲ್ಲ. ಉಗಾಂಡಾದ ವಸಾಹತುಗಳಲ್ಲಿ ನಿರಾಶ್ರಿತರೇ ಆರಿಸುವ ಕಲ್ಯಾಣ ಸಮಿತಿಗಳಿವೆ. ಇಪ್ಪತ್ತು ಜನರೆದುರು ಕೂತು ಗುಂಪು ನಡೆಸಿದವಳು ಆ ಚುನಾವಣೆಗೆ ನಿಂತಳೇ? ಗುಂಪಿನ ಹೆಂಗಸರು ನೀರು, ಪಡಿತರದ ದೂರು ಹೊತ್ತು ಸಮಿತಿಯೆದುರು ಜೊತೆಯಾಗಿ ಹೋದರೇ? ಸವೆಯುವ ಫಲ ಉಳಿಯಬೇಕಾದರೆ ಗುಂಪೇ ಉಳಿಯಬೇಕೆಂಬುದು ನನ್ನ ಊಹೆ. ಮುಂದಿನ ಅಧ್ಯಯನ ನಡೆಸಿಕೊಡುವವರನ್ನೂ ಕನಿಷ್ಠ ಎರಡು ವರ್ಷ ಹಿಂಬಾಲಿಸಿ, ಅವರ ಗೌರವಧನವನ್ನು ಮೊದಲ ದಿನದಿಂದಲೇ ಲೆಕ್ಕಕ್ಕೆ ಹಿಡಿದರೆ ಆ ಊಹೆ ಸರಿಯೋ ತಪ್ಪೋ ಪರೀಕ್ಷೆಯಾಗುತ್ತದೆ.