ನಿಲಸುಗಲ್ಲು ಮತ್ತು ಗಣಕದ ಲೆಕ್ಕ: ಕರ್ನಾಟಕದ ಪ್ರಾಗಿತಿಹಾಸದಲ್ಲಿ ಅನುಕರಣೆಯ ಜಾಡು

ಮಧುಗಿರಿ ತಾಲ್ಲೂಕಿನ ಪುರವರದಿಂದ ಪಾವಗಡದ ಕಡೆಗೆ ಹೊರಟರೆ ಬಂಡೆಗುಡ್ಡಗಳು ಮುಗಿಯುವುದೇ ಇಲ್ಲ. ಇಂಥದೇ ನೆಲ ವಾಯವ್ಯಕ್ಕೆ ಚಾಚಿ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯನ್ನು ಮುಟ್ಟುತ್ತದೆ. ಮೈಸೂರು ಪುರಾತತ್ವ ಇಲಾಖೆಯ ಎಂ.ಎಚ್. ಕೃಷ್ಣ ಮೊದಲು ಅಗೆಸಿದ ಈ ನೆಲೆಯನ್ನು 1947ರಲ್ಲಿ ಪುರಾತತ್ವಜ್ಞ ಮಾರ್ಟಿಮರ್ ವೀಲರ್ ಪದರ ಪದರವಾಗಿ ಬಿಡಿಸಿದರು. ಕಲ್ಗೊಡಲಿಯ ಜನ, ಬೃಹತ್ ಶಿಲಾಗೋರಿಗಳ ಜನ, ಶಾತವಾಹನ ಕಾಲದವರು ಎಂಬ ಅನುಕ್ರಮ ಆಗ ಗಟ್ಟಿಯಾಯಿತು. ಯಾವುದು ಮೊದಲು, ಯಾವುದು ಆಮೇಲೆ ಎಂದು ಗುದ್ದಲಿ ಹೇಳಿತು. ಆ ಜನ ಋತುಮಾನಕ್ಕೆ ತಕ್ಕಂತೆ ಹೇಗೆ ಓಡಾಡಿದರು, ಕಲ್ಲನ್ನು ಆ ದಿಕ್ಕಿಗೇ ಯಾಕೆ ನೆಟ್ಟರು ಎಂಬುದನ್ನು ಹೇಳಲಿಲ್ಲ. ಗಣಕಕ್ಕೆ ಕೆಲಸ ಸಿಕ್ಕಿದ್ದು ಇಲ್ಲಿ.

1963ರಲ್ಲಿ ಖಗೋಳಜ್ಞ ಜೆರಾಲ್ಡ್ ಹಾಕಿನ್ಸ್ ಇಂಗ್ಲೆಂಡಿನ ಸ್ಟೋನ್‌ಹೆಂಜ್‌ನ ಕಲ್ಲುಗಳ ನಡುವಿನ ಗೆರೆಗಳನ್ನು ಐಬಿಎಂ ಯಂತ್ರಕ್ಕೆ ಉಣಿಸಿ, ಅವು ಸೂರ್ಯಚಂದ್ರರ ಉದಯಾಸ್ತಗಳಿಗೆ ಹೊಂದುತ್ತವೆ ಎಂದರು. ಆ ನೆಲೆಯನ್ನು ಅಗೆದಿದ್ದ ರಿಚರ್ಡ್ ಅಟ್ಕಿನ್ಸನ್ 1966ರಲ್ಲಿ ಅದನ್ನು ಕಟುವಾಗಿ ಅಲ್ಲಗಳೆದರು. ಅಷ್ಟು ಕಲ್ಲುಗಳ ನಡುವೆ ಅಷ್ಟು ಗೆರೆ ಎಳೆದರೆ ಕೆಲವಾದರೂ ಎಲ್ಲಿಗೋ ತಾಗಲೇಬೇಕಲ್ಲ! ಈ ಜಗಳ ಇವತ್ತಿಗೂ ನಮಗೆ ಪಾಠ. 1972ರಲ್ಲಿ ಪುರಾತತ್ವಜ್ಞ ಡೇವಿಡ್ ಹರ್ಸ್ಟ್ ಥಾಮಸ್ ಹೆಚ್ಚು ಎಚ್ಚರದ ದಾರಿ ಹಿಡಿದರು: ಅಮೆರಿಕದ ಶೊಶೋನಿ ಜನರ ಅಲೆದಾಟವನ್ನು ಗಣಕದಲ್ಲಿ ಅನುಕರಿಸಿ (ಸಿಮ್ಯುಲೇಷನ್), ಉಪಕರಣಗಳು ಎಲ್ಲೆಲ್ಲಿ ಬಿದ್ದಿರಬೇಕೆಂದು ಮೊದಲೇ ಊಹಿಸಿ, ಅದನ್ನು ನೆಲದ ಮೇಲೆ ಸಿಕ್ಕಿದ್ದರೊಂದಿಗೆ ಹೋಲಿಸಿದರು.

ನಮ್ಮಲ್ಲಿ ಇದಕ್ಕೆ ಸಮೀಪದ ಕೆಲಸ ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯನವರದು. ಈಗಿನ ಯಾದಗಿರಿ ಜಿಲ್ಲೆಯ ಹುಣಸಗಿ–ಬೈಚಬಾಳ ಕಣಿವೆಗಳಲ್ಲಿ ಅವರು ಗುರುತಿಸಿದ ಹಳೆ ಶಿಲಾಯುಗದ ನೆಲೆಗಳು ನೂರಾರು. ಬೇಸಿಗೆಯಲ್ಲಿ ಜನ ಎಂದೂ ಬತ್ತದ ಬುಗ್ಗೆಗಳ ಹತ್ತಿರ ಸೇರುತ್ತಿದ್ದರು, ಮಳೆಗಾಲದಲ್ಲಿ ಕಣಿವೆಯ ತುಂಬ ಚದುರುತ್ತಿದ್ದರು ಎಂಬುದು ಅವರ ಮಾದರಿ. ಇಸಾಂಪುರದ ಸುಣ್ಣಕಲ್ಲಿನ ಕಾರ್ಯಾಗಾರಕ್ಕೆ ಸುಮಾರು 12 ಲಕ್ಷ ವರ್ಷಗಳ ಕಾಲಮಾನ ಬಂದಿದೆ. ಈ ಮಾದರಿ ಹುಟ್ಟಿದ್ದು ಪರದೆಯ ಮೇಲಲ್ಲ, ಹೊಲಗಳಲ್ಲಿ ವರ್ಷಗಟ್ಟಲೆ ತಿರುಗಿದ ಮೇಲೆ. ಗಣಕದಲ್ಲಿ ಮತ್ತೆ ಮತ್ತೆ ಓಡಿಸಿ ನೋಡಲು ಇಷ್ಟು ತಕ್ಕ ಇನ್ನೊಂದು ಕಣಿವೆ ಕರ್ನಾಟಕದಲ್ಲಿ ನನಗೆ ಕಾಣದು.

ಆಕಾಶದ ಲೆಕ್ಕ ಬೇರೆ ಬಗೆಯದು. ಶಿವಮೊಗ್ಗ ಜಿಲ್ಲೆಯ ಬೈಸೆ, ನಿಲಸ್ಕಲ್ ಮುಂತಾದೆಡೆಯ ನಿಲಸುಗಲ್ಲುಗಳನ್ನು (ನೆಟ್ಟ ಕಲ್ಲುಗಳನ್ನು) ಸಂಶೋಧಕರಾದ ಶ್ರೀಕುಮಾರ್ ಮೆನನ್, ಮಯಾಂಕ್ ವಾಹಿಯಾ ಮತ್ತು ಸಂಗಡಿಗರು ಅಳೆದು, ಕೆಲವು ಜೋಡಿಗಳು ಅಯನ ಸಂಕ್ರಾಂತಿಯ ಸೂರ್ಯನ ಉದಯಾಸ್ತಗಳಿಗೆ ಹೊಂದುತ್ತವೆಂದು 2012ರಲ್ಲಿ ಪ್ರಕಟಿಸಿದರು. ಇಂಥ ಹೇಳಿಕೆಯನ್ನು ಪರೀಕ್ಷಿಸುವ ಬಗೆಯನ್ನು ಪುರವರದ ಅಕ್ಷಾಂಶದಲ್ಲೇ ನೋಡಬಹುದು. ಸಮತಟ್ಟು ದಿಗಂತದಲ್ಲಿ ಜೂನ್ 21ರ ಸುಮಾರಿಗೆ ಸೂರ್ಯ ಹುಟ್ಟುವುದು ಪೂರ್ವದಿಂದ ಸುಮಾರು 24 ಡಿಗ್ರಿ ಉತ್ತರಕ್ಕೆ. ಭೂಮಿಯ ಅಕ್ಷದ ವಾಲು ಮೂರು ಸಾವಿರ ವರ್ಷದ ಹಿಂದೆ ತುಸು ಹೆಚ್ಚಿತ್ತು. ಅದರಿಂದ ಆಗುವ ವ್ಯತ್ಯಾಸ 0.4 ಡಿಗ್ರಿ, ಸೂರ್ಯಬಿಂಬದ ಅಗಲಕ್ಕಿಂತಲೂ ಕಡಿಮೆ. ಆದರೆ ಎದುರಿಗೆ ಕೇವಲ 2 ಡಿಗ್ರಿ ಎತ್ತರದ ಗುಡ್ಡವಿದ್ದರೆ ಸೂರ್ಯ ಕಾಣಿಸಿಕೊಳ್ಳುವ ಜಾಗ ಅರ್ಧ ಡಿಗ್ರಿ ದಕ್ಷಿಣಕ್ಕೆ ಸರಿಯುತ್ತದೆ. ಅಂದರೆ ಮೂರು ಸಾವಿರ ವರ್ಷಕ್ಕಿಂತ ಒಂದು ಗುಡ್ಡದ ಪ್ರಭಾವವೇ ದೊಡ್ಡದು. ದಿಗಂತದ ಎತ್ತರ ಅಳೆಯದೆ ತಂತ್ರಾಂಶದಲ್ಲಿ ಸೂರ್ಯನನ್ನು ಹುಟ್ಟಿಸುವವರ ಮಾತನ್ನು ನಂಬಲಾಗದು. ನಕ್ಷತ್ರಗಳಿಗಾದರೆ ಅನುಕರಣೆ ಬೇಕೇಬೇಕು: ಭೂಮಿಯ ಅಕ್ಷದ ದಿಕ್ಕು ನಿಧಾನವಾಗಿ ತಿರುಗುವ ಅಯನಚಲನೆಯಿಂದ ಇಷ್ಟೇ ಅವಧಿಯಲ್ಲಿ ಅವು ಕ್ರಾಂತಿವೃತ್ತದ ಉದ್ದಕ್ಕೆ ಸುಮಾರು 42 ಡಿಗ್ರಿ ಜರುಗಿವೆ.

ಮೂರು ಆಯಾಮದ ಪುನಾರಚನೆಯಲ್ಲಿ ಅಪಾಯ ಇನ್ನೂ ಹೆಚ್ಚು, ಯಾಕೆಂದರೆ ಚಿತ್ರ ಚೆನ್ನಾಗಿರುತ್ತದೆ. ಬ್ರಹ್ಮಗಿರಿಯ ಗೋರಿಯಲ್ಲಿ ನಾಲ್ಕು ಚಪ್ಪಡಿಗಳು ಸ್ವಸ್ತಿಕದಂತೆ ಒಂದಕ್ಕೊಂದು ಆತುಕೊಂಡಿವೆ, ಪೂರ್ವದ ಚಪ್ಪಡಿಯಲ್ಲಿ ದುಂಡು ಕಿಂಡಿ. ಗಣಕದಲ್ಲಿ ಆ ಕಿಂಡಿಯೊಳಕ್ಕೆ ಬೆಳಗಿನ ಬಿಸಿಲು ಬಿಡುವುದು ಸುಲಭ. ಆದರೆ ಕಿಂಡಿಗೆ ಕಲ್ಲು ಮುಚ್ಚಿ, ಸುತ್ತ ಮಣ್ಣು ತುಂಬಿದ ಮೇಲೆ ಆ ಬಿಸಿಲನ್ನು ಕಂಡವರು ಯಾರು? ಅಳೆದದ್ದು ಯಾವುದು, ಊಹಿಸಿದ್ದು ಯಾವುದು ಎಂದು ಬೇರ್ಪಡಿಸಿ ತೋರಿಸಬೇಕೆಂದು ಪರಂಪರೆಯ ಗಣಕಚಿತ್ರಣಕ್ಕೆ ಮಾರ್ಗಸೂಚಿಯಾದ 2006ರ ಲಂಡನ್ ಸನ್ನದು ಕೇಳಿದ್ದು ಇದಕ್ಕೇ. ಆದರೆ ಇಂಥ ಪುನಾರಚನೆಯ ಎಷ್ಟೋ ವಿಡಿಯೋಗಳು ಈ ಗೋಜಿಗೇ ಹೋಗುವುದಿಲ್ಲ.

ಗಣಕಕ್ಕೆ ನಿಲುಕದ್ದೂ ಇದೆ. ಬಳ್ಳಾರಿ ಹತ್ತಿರದ ಕುಪ್ಪಗಲ್ಲಿನಲ್ಲಿ ಕಲ್ಲು ಬಡಿದರೆ ನಾದ ಬರುವ ಬಂಡೆಗಳಿವೆ, ನವಶಿಲಾಯುಗದ ಕೊರೆಚಿತ್ರಗಳ ನಡುವೆಯೇ. ಪುರಾತತ್ವಜ್ಞೆ ನಿಕೋಲ್ ಬೊವಿನ್ 2004ರಲ್ಲಿ ಅವುಗಳ ಬಗ್ಗೆ ಬರೆಯುವ ಹೊತ್ತಿಗೇ ಕಲ್ಲುಗಣಿಗಾರಿಕೆ ಆ ಗುಡ್ಡವನ್ನು ಮುಟ್ಟಿತ್ತು. ಒಡೆದುಹೋದ ಬಂಡೆಯ ದನಿಯನ್ನು ಯಾವ ಯಂತ್ರವೂ ಲೆಕ್ಕದಿಂದ ಹೊರಡಿಸಲಾರದು. ಅದು ಮೊದಲೇ ದಾಖಲಾಗಿರಬೇಕು.

ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡದ ಶಿಕ್ಷಕರಲ್ಲಿ ಅದಕ್ಕೇ ಒಂದು ಕೋರಿಕೆ. ಹೊಲದ ಬದುವಿನಲ್ಲೋ ಗುಡ್ಡದ ಬುಡದಲ್ಲೋ ಸಾಲುಗಲ್ಲು, ಕಲ್ವೃತ್ತ, ಚಪ್ಪಡಿಗೋರಿ ಕಂಡರೆ ಅಲುಗಾಡಿಸಬೇಡಿ. ಅಳತೆಪಟ್ಟಿ ಇಟ್ಟು ನಾಲ್ಕೂ ಕಡೆಯಿಂದ ಫೋಟೋ ತೆಗೆಯಿರಿ, ದಿಕ್ಸೂಚಿ ಹಿಡಿದು ಕಲ್ಲಿನ ಮುಖ ಯಾವ ದಿಕ್ಕಿಗಿದೆ ಎಂದು ಬರೆದಿಡಿ, ಎದುರಿನ ಗುಡ್ಡದ ಎತ್ತರವನ್ನು ಡಿಗ್ರಿಯಲ್ಲಿ ಬೇರೆಯಾಗಿ ಅಳೆದಿಡಿ, ರಾಜ್ಯ ಪುರಾತತ್ವ ಇಲಾಖೆಗೆ ತಿಳಿಸಿ.