ಒಡೆದ ಕಲ್ಲಿನ ಮೊದಲ ಅಂಕೆ

ಶಾಸನ ಓದುವಾಗ ಒಂದು ಅಕ್ಷರ ಸವೆದುಹೋಗಿದ್ದರೆ ಅಷ್ಟೇನೂ ಗಾಬರಿಯಿಲ್ಲ. ಹಿಂದಿನ ಮುಂದಿನ ಪದ ನೋಡಿ ಊಹಿಸಿಕೊಳ್ಳಬಹುದು. ಅಂಕೆ ಸವೆದರೆ ಹಾಗಾಗುವುದಿಲ್ಲ. ಬಿಡಿಸ್ಥಾನದ ಅಂಕೆ ಹೋದರೆ ಹೆಚ್ಚೆಂದರೆ ಒಂಬತ್ತು ವರ್ಷದ ಗೊಂದಲ. ನೂರರ ಸ್ಥಾನದ್ದು ಹೋದರೆ ರಾಜವಂಶವೇ ಬದಲಾಗಿಬಿಡುತ್ತದೆ. ಹೀಗೆ ಅತಿ ದೊಡ್ಡ ಸ್ಥಾನದ ಅಂಕೆಯನ್ನೇ ಕಳೆದುಕೊಂಡಿದ್ದ ಒಂದು ಕಲ್ಲು ಮೆಕ್ಸಿಕೋದಲ್ಲಿ ಸಿಕ್ಕಿತ್ತು. ಆ ಅಂಕೆಯನ್ನು ಲೆಕ್ಕ ಹಾಕಿಯೇ ಕಂಡುಹಿಡಿದರು. ಹೇಗೆ ಅಂತ ನೋಡೋಣ.

1939ರಲ್ಲಿ ಸ್ಮಿತ್ಸೋನಿಯನ್ ಸಂಸ್ಥೆಯ ಮ್ಯಾಥ್ಯೂ ಸ್ಟರ್ಲಿಂಗ್ ವೆರಾಕ್ರೂಜ್ ಪ್ರಾಂತ್ಯದ ಟ್ರೆಸ್ ಝಪೋಟೆಸ್ ಎಂಬಲ್ಲಿ ಉತ್ಖನನ ಮಾಡುತ್ತಿದ್ದರು. ಅಲ್ಲಿ ಸಿಕ್ಕ ಶಾಸನಕಲ್ಲಿಗೆ 'ಸ್ಟೀಲಾ ಸಿ' ಎಂದು ಹೆಸರು. ಸಿಕ್ಕಿದ್ದು ಕೆಳಭಾಗ ಮಾತ್ರ, ಮೇಲ್ಭಾಗ ಒಡೆದುಹೋಗಿತ್ತು. ಅದರಲ್ಲಿದ್ದದ್ದು ಮೇಲಿಂದ ಕೆಳಕ್ಕೆ ಜೋಡಿಸಿದ ಅಂಕೆಗಳ ಒಂದು ಸಾಲು. ಚುಕ್ಕಿ ಅಂದರೆ 1, ಅಡ್ಡಗೆರೆ ಅಂದರೆ 5. ಮೂರು ಗೆರೆ, ಒಂದು ಚುಕ್ಕಿ ಇದ್ದರೆ 16. ಹೀಗೆ ಓದಿದಾಗ ಸಿಕ್ಕಿದ್ದು 16, 6, 16, 18. ಇವುಗಳ ಮೇಲೆ ಇರಬೇಕಾಗಿದ್ದ ಮೊದಲ ಅಂಕೆ ಇರಲಿಲ್ಲ.

ಈ ಕಾಲಗಣನೆಯಲ್ಲಿ ದಿನಗಳನ್ನು ಎಣಿಸುತ್ತಾರೆ, ವರ್ಷಗಳನ್ನಲ್ಲ. ನಮ್ಮದು ದಶಮಾನ, ಒಂದೊಂದು ಸ್ಥಾನ ಮೇಲೇರಿದಂತೆ ಬೆಲೆ ಹತ್ತು ಪಟ್ಟು. ಅವರದ್ದು ಇಪ್ಪತ್ತರ ಎಣಿಕೆ, ಆದರೆ ಒಂದು ಕಡೆ ಮಾತ್ರ ಹದಿನೆಂಟು. 20 ದಿನಕ್ಕೆ ಒಂದು ವಿನಲ್, 18 ವಿನಲ್‌ಗೆ ಒಂದು ತುನ್, ಅಂದರೆ 360 ದಿನ. 20 ತುನ್ ಸೇರಿದರೆ ಕತುನ್, 7,200 ದಿನ. 20 ಕತುನ್ ಸೇರಿದರೆ ಬಕ್ತುನ್, 1,44,000 ದಿನ. ವರ್ಷದ ಉದ್ದಕ್ಕೆ ಹತ್ತಿರವಾಗಲಿ ಅಂತ ಮಧ್ಯದಲ್ಲಿ 20ರ ಬದಲು 18 ಬಂದಿದೆ. ಇದೇನೂ ವಿಚಿತ್ರವಲ್ಲ. ನಾವೂ 60 ಸೆಕೆಂಡಿಗೆ ನಿಮಿಷ, 60 ನಿಮಿಷಕ್ಕೆ ಗಂಟೆ, 24 ಗಂಟೆಗೆ ದಿನ ಅಂತ ಒಂದೇ ಲೆಕ್ಕದಲ್ಲಿ ಆಧಾರ ಬದಲಿಸುತ್ತೇವೆ ಅಲ್ಲವೇ?

ಕಳೆದುಹೋಗಿದ್ದು ಬಕ್ತುನ್ ಸ್ಥಾನದ ಅಂಕೆ. ಅದರಲ್ಲಿ ಒಂದು ಹೆಚ್ಚು ಕಡಿಮೆಯಾದರೆ ಕಾಲ ಸುಮಾರು 394 ವರ್ಷ ಆಚೀಚೆ ಹೋಗುತ್ತದೆ. 7 ಆದರೆ ಕ್ರಿ.ಪೂ. 32, 8 ಆದರೆ ಕ್ರಿ.ಶ. 363.

ಅದೃಷ್ಟಕ್ಕೆ ಅಂಕೆಗಳ ಕೆಳಗೆ ದಿನದ ಹೆಸರೂ ಉಳಿದಿತ್ತು: '6 ಎಟ್ಸ್‌ನಾಬ್'. ಅಲ್ಲಿನ 260 ದಿನಗಳ ಪಂಚಾಂಗದಲ್ಲಿ ಎರಡು ಸುತ್ತುಗಳು ಒಟ್ಟಿಗೆ ಓಡುತ್ತವೆ. ಒಂದರಲ್ಲಿ 1ರಿಂದ 13ರವರೆಗಿನ ಸಂಖ್ಯೆ, ಇನ್ನೊಂದರಲ್ಲಿ 20 ದಿನನಾಮ. ಎಣಿಕೆಯ ಆರಂಭದ ದಿನ '4 ಅಹವ್' ಎಂದು ಮಾಯಾ ಶಾಸನಗಳಿಂದ ತಿಳಿದಿದೆ.

ಈಗ ಮೊದಲ ಅಂಕೆ 7 ಎಂದುಕೊಳ್ಳಿ. 10,08,000 + 1,15,200 + 2,160 + 320 + 18 = 11,25,698 ದಿನ. ಇದನ್ನು 13ರಿಂದ ಭಾಗಿಸಿದರೆ ಶೇಷ 2. ಆರಂಭದ 4ಕ್ಕೆ ಆ 2 ಕೂಡಿದರೆ 6. ಕಲ್ಲಿನ ಮೇಲಿರುವುದೂ 6! ಮೊದಲ ಅಂಕೆ 8 ಆಗಿದ್ದರೆ 5 ಬರುತ್ತಿತ್ತು, 6 ಆಗಿದ್ದರೆ 7 ಬರುತ್ತಿತ್ತು. 1,44,000ವನ್ನು 13ರಿಂದ ಭಾಗಿಸಿದರೆ ಶೇಷ 12 ಉಳಿಯುವುದರಿಂದ ಒಂದೊಂದು ಬಕ್ತುನ್ ಏರಿದಾಗಲೂ ದಿನದ ಸಂಖ್ಯೆ ಒಂದೊಂದು ಇಳಿಯುತ್ತದೆ. ಹಾಗಾಗಿ 0ಯಿಂದ 12ರವರೆಗೆ ಸರಿಹೊಂದುವ ಅಂಕೆ ಒಂದೇ, ಅದು 7. ದಿನನಾಮದಿಂದ ಮಾತ್ರ ಇಲ್ಲಿ ಏನೂ ಪ್ರಯೋಜನವಿಲ್ಲ. 1,44,000 ಇಪ್ಪತ್ತರಿಂದ ನಿಶ್ಶೇಷವಾಗಿ ಭಾಗವಾಗುವುದರಿಂದ ಯಾವ ಬಕ್ತುನ್ ಆದರೂ ಎಟ್ಸ್‌ನಾಬೇ ಬರುತ್ತದೆ.

ಈ ಲೆಕ್ಕ ಹಾಕಿದವರು ಸ್ಟರ್ಲಿಂಗ್ ಅವರ ಪತ್ನಿ ಮೇರಿಯನ್. ಆದರೆ ವಿದ್ವಾಂಸರೆಲ್ಲ ಒಪ್ಪಲಿಲ್ಲ. ಮಾಯಾ ಲಿಪಿಯ ದೊಡ್ಡ ಪಂಡಿತ ಎರಿಕ್ ಥಾಂಪ್ಸನ್ ಬಲವಾಗಿ ವಿರೋಧಿಸಿದರು. ಮಾಯಾ ಶಾಸನಗಳಲ್ಲಿ ಸಾಮಾನ್ಯವಾಗಿ ಅಂಕೆಯ ಜೊತೆ ಬಕ್ತುನ್, ಕತುನ್ ಎಂಬ ಸ್ಥಾನದ ಚಿಹ್ನೆಯೂ ಇರುತ್ತದೆ. ಇಲ್ಲಿ ಬರೀ ಅಂಕೆಗಳು. ಜೊತೆಗೆ ಟ್ರೆಸ್ ಝಪೋಟೆಸ್ ಮಾಯಾ ನೆಲವಲ್ಲ, ಓಲ್ಮೆಕ್ ನೆಲ. ಮಾಯಾ ತಗ್ಗುನಾಡಿನ ಟಿಕಾಲ್‌ನಲ್ಲಿರುವ ಹಳೆಯ ತೇದಿಯೇ ಕ್ರಿ.ಶ. 292ರದು. ಅದಕ್ಕೂ ಮುನ್ನೂರು ವರ್ಷ ಹಿಂದೆ ಬೇರೆಯವರು ಇದೇ ಕಾಲಗಣನೆ ಬಳಸಿದ್ದರು ಅಂದರೆ ಅದು ಮಾಯಾ ಜನರ ಸ್ವಂತ ಆವಿಷ್ಕಾರ ಎನ್ನುವ ನಂಬಿಕೆಯೇ ಅಲುಗಾಡುತ್ತದೆ. ಒಂದು ಅಂಕೆಯ ಮೇಲೆ ಇಷ್ಟೆಲ್ಲ ನಿಂತಿತ್ತು.

ಮೂವತ್ತು ವರ್ಷದ ನಂತರ, 1969ರಲ್ಲಿ, ಅದೇ ಊರಿನಲ್ಲಿ ಕಲ್ಲಿನ ಮೇಲ್ಭಾಗ ಸಿಕ್ಕಿತು. ಅದರ ಮೇಲೆ ಒಂದು ಅಡ್ಡಗೆರೆ, ಎರಡು ಚುಕ್ಕಿ. ಅಂದರೆ 7.

ಇದರಿಂದ ನಮ್ಮ ಶಾಸನಗಳಿಗೆ ಏನು ಉಪಯೋಗ? ಐಹೊಳೆಯ ಮೇಗುತಿ ಶಾಸನದಲ್ಲಿ ರವಿಕೀರ್ತಿ ಕಾಲವನ್ನು ಎರಡು ರೀತಿ ಹೇಳಿದ್ದಾನೆ: ಭಾರತ ಯುದ್ಧದಿಂದ 3735 ವರ್ಷ, ಶಕ 556. ಮೂವತ್ತು, ಮೂರು ಸಾವಿರ, ಏಳು ನೂರು, ಐದು ಅಂತ ಕ್ರಮ ತಪ್ಪಿಸಿ ಹೇಳಿದರೂ ಪ್ರತಿಯೊಂದಕ್ಕೂ ಸ್ಥಾನದ ಹೆಸರು ಇರುವುದರಿಂದ ತೊಡಕಿಲ್ಲ. ಎರಡರ ವ್ಯತ್ಯಾಸ 3179, ಕಲಿ ಮತ್ತು ಶಕಗಳ ಅಂತರ ಸರಿಯಾಗಿ ಅಷ್ಟೇ. ಒಂದು ಅಳಿಸಿಹೋಗಿದ್ದರೂ ಇನ್ನೊಂದರಿಂದ ಪಡೆಯಬಹುದಿತ್ತು.

ಮುಂದಿನ ಕಾಲದ ಶಾಸನಗಳಲ್ಲಿ ಶಕವರ್ಷದ ಜೊತೆ ಸಂವತ್ಸರದ ಹೆಸರು ಇರುತ್ತದೆ. ದಕ್ಷಿಣದ ಪದ್ಧತಿಯಲ್ಲಿ ಅದು 60ರ ಸುತ್ತು. ಬಿಡಿಸ್ಥಾನದ ಅಂಕೆ ಹೋಗಿದ್ದರೆ ಇರುವುದು ಹತ್ತೇ ಸಾಧ್ಯತೆ, ಅವಕ್ಕೆ ಹತ್ತು ಬೇರೆ ಬೇರೆ ಸಂವತ್ಸರ. ಉತ್ತರ ಒಂದೇ ಬರುತ್ತದೆ. ನೂರರ ಅಂಕೆ ಹೋಗಿದ್ದರೆ ಅಷ್ಟು ಸುಲಭವಲ್ಲ. ನೂರು ವರ್ಷಕ್ಕೆ ಸಂವತ್ಸರ 40 ಮುಂದೆ ಹೋಗುತ್ತದೆ, ಇನ್ನೂರಕ್ಕೆ 20, ಮುನ್ನೂರಕ್ಕೆ ಮತ್ತೆ ಅದೇ ಹೆಸರು. ಅಂದರೆ ಉಳಿಯುವ ಉತ್ತರಗಳ ನಡುವೆ ಮುನ್ನೂರು ವರ್ಷದ ಅಂತರ. ಅಷ್ಟು ಅಂತರವನ್ನು ಲಿಪಿಯ ರೂಪವೇ ಹೇಳಿಬಿಡುತ್ತದೆ. ಅದಕ್ಕೇ ಪಡಿಯಚ್ಚು ತೆಗೆಯುವಾಗ ಶಕವರ್ಷ ಸ್ಪಷ್ಟವಾಗಿದೆ ಅಂತ ಅಲ್ಲಿಗೇ ನಿಲ್ಲಬೇಡಿ. ಸಂವತ್ಸರ, ಮಾಸ, ತಿಥಿ, ವಾರ ಅರ್ಧಂಬರ್ಧ ಕಂಡರೂ ಬಿಡದೆ ಬರೆದುಕೊಳ್ಳಿ.